ವಿಂಟೇಜ್ ಆಗುವ ಮುಂಚಿನ ವರ್ಷಗಳು

"ಇನ್ನೂ ಇಟ್ಕೊಂಡಿದ್ದೀರಾ ಇದನ್ನ?"

ಮದುವೆಮನೆ ಮುಂದೆ ಕಾರು ನಿಲ್ಲಿಸಿ ಇಳಿದರೆ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಪೆಟ್ರೋಲ್ ಬಂಕಿನ ಹುಡುಗ ಕೇಳುತ್ತಾನೆ. ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಕೆಲವರ ದನಿಯಲ್ಲಿ ಮೆಚ್ಚುಗೆಯೂ ಇರುತ್ತದೆ. ಆದರೂ ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿರುತ್ತದೆ. ಚೆನ್ನಾಗಿ ಓಡುವ ಒಂದು ವಸ್ತುವನ್ನು ಇಟ್ಟುಕೊಂಡಿದ್ದಕ್ಕೆ ಕಾರಣ ಯಾಕೆ ಹೇಳಬೇಕು? ನಮ್ಮ ಅಡುಗೆಮನೆಯ ಅಟ್ಟದಲ್ಲಿ ಅಜ್ಜಿ ಕಾಲದ ಹಿತ್ತಾಳೆ ಕೊಳದಪ್ಪಲೆ ಇದೆ. ಅದನ್ನು ನೋಡಿದವರು "ಎಷ್ಟು ಚೆನ್ನಾಗಿದೆ, ಯಾರಿಗೂ ಕೊಡಬೇಡಿ" ಅನ್ನುತ್ತಾರೆ. ಕಾರಿಗೆ ಮಾತ್ರ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ನನ್ನದು 1998ರ ಮಾರುತಿ ಝೆನ್. ಕಡು ಹಸಿರು ಬಣ್ಣ, ಕೆಎ-14 ನಂಬರು. 993 ಸಿಸಿ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ ಮಾಡೆಲ್. ಪವರ್ ಸ್ಟೀರಿಂಗ್ ಇಲ್ಲ. ಕಿಟಕಿ ಗಾಜನ್ನು ಕೈಯಲ್ಲೇ ತಿರುಗಿಸಿ ಇಳಿಸಬೇಕು. ಶಿವಮೊಗ್ಗದ ಗಲ್ಲಿಗಳಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ, ಎಲ್ಲಿ ಬೇಕಾದರೂ ತಿರುಗುತ್ತದೆ. ಕೂತರೆ ನಾಲ್ಕೂ ಕಡೆ ರಸ್ತೆ ಕಾಣುತ್ತದೆ. ಈಗಿನ ಕಾರುಗಳಲ್ಲಿ ಗಾಜಿನ ಪಕ್ಕದ ಕಂಬಗಳು ದಪ್ಪ, ಕಿಟಕಿ ಎತ್ತರ. ಪಕ್ಕದ ಸೈಕಲ್ ಸವಾರ ಕಾಣಬೇಕಾದರೆ ಕತ್ತು ಚಾಚಬೇಕು. ಝೆನ್‌ನಲ್ಲಿ ಹಿಂದೆ ಕೂತ ಮಕ್ಕಳಿಗೂ ಗದ್ದೆ, ತೋಟ, ರಸ್ತೆ ಬದಿಯ ಹಸು ಎಲ್ಲ ಕಾಣುತ್ತಿತ್ತು. ನನ್ನ ಮಗಳು ಊರ ಹೆಸರುಗಳನ್ನು ಓದಲು ಕಲಿತದ್ದೇ ಆ ಕಿಟಕಿಯಿಂದ.

ಮಾವನ ಫಿಯೆಟ್

ಕಾರಿನ ಮೇಲಿನ ಈ ಅಕ್ಕರೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ತೀರ್ಥಹಳ್ಳಿ ಹತ್ತಿರದ ಸೋದರಮಾವನ ಮನೆ ಅಂಗಳಕ್ಕೇ ಹೋಗಿ ನಿಲ್ಲುತ್ತೇನೆ. ಅಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಯಾರೂ ಪದ್ಮಿನಿ ಅನ್ನುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಫಿಯೆಟ್ಟೇ. ಕೆಎ ನಂಬರುಗಳು ಬರುವ ಮುಂಚಿನ ಕಾರು. ಮಾವ ಅದನ್ನು ಬೆಳಿಗ್ಗೆ ಒರೆಸುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಒಣ ಬಟ್ಟೆ, ಆಮೇಲೆ ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ಬಂಪರಿನ ಕ್ರೋಮ್‌ಗೆ ಮಾತ್ರ ಬೇರೆಯದೇ ಬಟ್ಟೆ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಉಡುಪಿಗೆ ಹೋಗಿ ವಾಪಸ್ ಬರುತ್ತಿದ್ದೆವು. ಮಾವ, ಅತ್ತೆ, ಅಜ್ಜಿ, ನಾವು ಮಕ್ಕಳು. ಮುಂದಿನ ಸೀಟು ಉದ್ದಕ್ಕೂ ಒಂದೇ, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಹಾಗಾಗಿ ಮಾವ ಮತ್ತು ಅತ್ತೆಯ ನಡುವೆ ನನಗೊಂದು ಜಾಗ ಖಾಯಂ ಆಗಿತ್ತು. ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನದ ಸೆಕೆ ಕಾರಿನೊಳಗೇ ಕೂತಿತ್ತು. ಅಲ್ಲಿಂದ ಆಗುಂಬೆ ಘಾಟಿ, 14 ತಿರುವು. ಅರ್ಧ ಹತ್ತಿರಬೇಕು, ಕಾರು ಎರಡು ಸಲ ಜಗ್ಗಿ ನಿಂತೇ ಹೋಯಿತು.

ಅತ್ತೆ "ಕೃಷ್ಣಾ" ಅಂದರು. ಮಾವ ಏನೂ ಅನ್ನಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಇಳಿದು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು. ಬಾನೆಟ್ ಎತ್ತಿದರು. "ಪುಟ್ಟಿ, ಆ ಪಾಣಿಪಂಚೆ ತಾ, ಕೂಜಾನೂ ತಾ" ಅಂದರು. ನಾನು ತಂದುಕೊಟ್ಟು ಪಕ್ಕದಲ್ಲೇ ನಿಂತೆ. ಬಾನೆಟ್ಟಿನ ಒಳಗೆ ಏನಿದೆ ಅಂತ ನೋಡಿದ್ದು ಅದೇ ಮೊದಲು. ಮಾವ ಪಂಚೆಯನ್ನು ನೀರಲ್ಲಿ ಅದ್ದಿ, ಮಡಚಿ, ಇಂಜಿನ್ ಪಕ್ಕಕ್ಕೆ ಅಂಟಿಕೊಂಡಿದ್ದ ಒಂದು ಚಿಕ್ಕ ಪಂಪಿನ ಮೇಲೆ ಸುತ್ತಿದರು. ಚುಂಯ್ ಅಂತ ಹಬೆ ಎದ್ದಿತು. "ಇದು ಪೆಟ್ರೋಲ್ ಎಳೆಯೋ ಪಂಪು. ಇಂಜಿನ್ ಕಾವಿಗೆ ಒಳಗಿನ ಪೆಟ್ರೋಲ್ ಆವಿ ಆಗಿಬಿಟ್ಟಿದೆ. ಆವೀನ ಪಂಪು ಎಳೆಯೋಕಾಗಲ್ಲ. ತಣ್ಣಗಾದ್ರೆ ಮತ್ತೆ ಪೆಟ್ರೋಲ್ ಆಗತ್ತೆ, ಹೊರಡ್ತದೆ." ಅಷ್ಟೇ ಹೇಳಿ ರಸ್ತೆ ಬದಿಯ ಮೋಟುಗೋಡೆ ಮೇಲೆ ಕೂತರು. ಇದು ಕಾರಿನ ತಪ್ಪಲ್ಲ, ಸೆಕೆಯ ತಪ್ಪು ಅನ್ನುವಷ್ಟು ನಿಶ್ಚಿಂತೆ ಅವರ ಮುಖದಲ್ಲಿ. ಅತ್ತೆ ಕೋಡುಬಳೆ ಡಬ್ಬಿ ತೆಗೆದರು. ಮಂಗಗಳು ಬಂದವು. ಇಳಿದು ಬರುತ್ತಿದ್ದ ಬಸ್ಸಿನ ಡ್ರೈವರ್ ಒಬ್ಬರು ನಿಧಾನ ಮಾಡಿ "ಪಂಪಾ ಭಟ್ರೇ?" ಅಂತ ಕೇಳಿದರು. ಮಾವ ಕೈ ಎತ್ತಿದರು. ಅಂದರೆ ಆ ಕಾಲದಲ್ಲಿ ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಆ ಪಂಪಿನ ವಿಷಯ ಗೊತ್ತಿತ್ತು.

ಪಂಚೆ ಒಣಗುತ್ತ ಬಂದಂತೆ ಮತ್ತೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಮಾವ ಕೂತು ಕೀ ತಿರುಗಿಸಿದರು. ಇಂಜಿನ್ ಕೆಮ್ಮಿ, ಸುಧಾರಿಸಿಕೊಂಡು, ಸರಿಯಾಗಿ ಓಡತೊಡಗಿತು. ಆಗುಂಬೆಯ ತಂಪು ಗಾಳಿ ಮುಖಕ್ಕೆ ಹೊಡೆದಾಗ ಆ ಕಾರನ್ನು ನಾನೇ ಮೇಲೆ ಹತ್ತಿಸಿದೆ ಅನ್ನಿಸಿತ್ತು.

ಆ ಫಿಯೆಟ್ ಆಮೇಲೆ ಏನಾಯಿತು ಅನ್ನುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಮಾವನಿಗೆ ಕಣ್ಣು ಮಂಜಾಯಿತು. ಮಕ್ಕಳು ಬೆಂಗಳೂರು ಸೇರಿದರು. ಕಾರು ಅಡಿಕೆ ಕೊಟ್ಟಿಗೆಯಲ್ಲಿ ನಿಂತಿತು. ಒಂದು ಮಳೆಗಾಲಕ್ಕೆ ಟೈರು ಕೂತವು, ಇನ್ನೊಂದಕ್ಕೆ ನೆಲದ ತಗಡು ತುಕ್ಕು ಹಿಡಿಯಿತು. ಮುಂಬೈಯ ಕುರ್ಲಾದ ಕಾರ್ಖಾನೆ ಅಷ್ಟು ಹೊತ್ತಿಗೆ ಪದ್ಮಿನಿ ಮಾಡುವುದನ್ನು ನಿಲ್ಲಿಸಿಯಾಗಿತ್ತು. ಕೊನೆಗೆ ಗುಜರಿಯವರು ಬಂದು ತೂಕಕ್ಕೆ ಹಾಕಿಕೊಂಡು ಹೋದರು. ಯಾರನ್ನೂ ದೂರುವಂತಿಲ್ಲ. ಆಗ ಅದಕ್ಕೆ ಹತ್ತಿರ ಹತ್ತಿರ 25 ವರ್ಷ. ಎಲ್ಲರ ಕಣ್ಣಿಗೂ ಅದು ಬರೀ ಹಳೇ ಕಾರು, ಅಷ್ಟೇ. ಈಗ ಅದೇ ಮಾಡೆಲ್ ಯಾವುದಾದರೂ ಹಳೇ ಕಾರುಗಳ ಮೆರವಣಿಗೆಯಲ್ಲಿ ಬಂದರೆ ಜನ ಮುತ್ತಿಕೊಂಡು ಫೋಟೋ ತೆಗೆಯುತ್ತಾರೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ನಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿದಾಗ ಎಷ್ಟೊಂದು ಜನ ಮರುಗಿದರು. ಆ ಪ್ರೀತಿಯ ಒಂದು ಪಾಲು ಒಂದಿಷ್ಟು ವರ್ಷ ಮೊದಲೇ ಬಂದಿದ್ದರೆ ಮಾವನ ಫಿಯೆಟ್ ಉಳಿಯುತ್ತಿತ್ತು.

ನಡುವೆ ಬಂದವು

ಅಂಬಾಸಿಡರ್ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆದರೆ ಮಲೆನಾಡಿನ ಯಾವ ಮನೆಯೂ ಅದನ್ನು ಹತ್ತದೆ ಇಲ್ಲ. ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಮದುವೆ ದಿಬ್ಬಣ ಅದರಲ್ಲೇ, ಬಾಣಂತಿ ಮನೆಗೆ ಬರುವುದು ಅದರಲ್ಲೇ. ರಾತ್ರೋರಾತ್ರಿ ಯಾರಿಗಾದರೂ ಎದೆನೋವು ಬಂದರೆ ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯುವುದೂ ಅದರಲ್ಲೇ. ಹಿಂದಿನ ಸೀಟು ಅಷ್ಟು ಅಗಲ. ರೋಗಿಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಮಲಗಿಸಿಕೊಂಡು ಹೋಗಬಹುದಿತ್ತು. ನನ್ನ ಅಜ್ಜಿಯನ್ನು ಹಾಗೇ ಕರೆದುಕೊಂಡು ಹೋಗಿದ್ದೆವು.

ನಮ್ಮ ಸ್ವಂತ ಮೊದಲ ಕಾರು ಮಾರುತಿ 800. ಬಿಳಿಯದು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಸ್ವಲ್ಪ ಬಿಸಿಯಾದ ಮೇಲೆ ನಿಧಾನ ಒಳಗೆ ತಳ್ಳುವುದು ಅಂದರೆ ನನಗೆ ಬಹಳ ಇಷ್ಟದ ಕೆಲಸ. ನಾನು ಕಾರು ಕಲಿತದ್ದೂ ಅದರಲ್ಲೇ. 800 ಬಗ್ಗೆ ಎಲ್ಲರಿಗೂ ಒಂದೊಂದು ಕಥೆ ಇದೆ, ನನ್ನದನ್ನು ಉದ್ದ ಮಾಡುವುದಿಲ್ಲ. ಮಾರಿದ ಮೇಲಿನ ಒಂದು ವಿಷಯ ಮಾತ್ರ ಹೇಳುತ್ತೇನೆ. ಅದು ಡ್ರೈವಿಂಗ್ ಸ್ಕೂಲಿಗೆ ಹೋಯಿತು. ಒಂದು ದಿನ ನೆಹರೂ ಕ್ರೀಡಾಂಗಣದ ಹತ್ತಿರ ಅದನ್ನು ಕಂಡೆ. ಮುಂದೆ ಹಿಂದೆ ಕೆಂಪು ಅಕ್ಷರ, ತಲೆ ಮೇಲೆ ಬೋರ್ಡು. ಒಬ್ಬ ಹುಡುಗಿ ಬಿಗಿಯಾಗಿ ಸ್ಟೀರಿಂಗ್ ಹಿಡಿದು ಕೂತಿದ್ದಳು. ಕ್ಲಚ್ ಬಿಟ್ಟ ರಭಸಕ್ಕೆ ಗಾಡಿ ಎಗರಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಎಗರಿತು. ಮೂರನೇ ಸಲ ಮೆಲ್ಲಗೆ ಮುಂದೆ ಸರಿಯಿತು, ಆ ಹುಡುಗಿಯ ಮುಖ ಅರಳಿತು. ನನಗೆ ಕಣ್ಣು ತುಂಬಿತು. ಆ ಕಾರಿನಿಂದ ನನ್ನ ಹಾಗೇ ಎಷ್ಟೋ ಜನ ಹೆಣ್ಣುಮಕ್ಕಳು ಕೈ ಪಳಗಿಸಿಕೊಂಡಿರಬೇಕು. 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಒಂದು ಜನವರಿಯಲ್ಲಿ, ಇನ್ನೊಂದು ಮೇ ತಿಂಗಳಲ್ಲಿ.

ಆಮೇಲೆ ಈ ಝೆನ್. ಸೆಕೆಂಡ್ ಹ್ಯಾಂಡ್. ತೋರಿಸಿದವನು "ಸಿಂಗಲ್ ಓನರ್, ಡಾಕ್ಟರ್ ಗಾಡಿ ಮೇಡಂ" ಅಂದ. ಹಳೇ ಕಾರು ಮಾರುವವರೆಲ್ಲ ಹೇಳುವ ಮಾತೇ ಅದು. ಆದರೆ ಇದು ನಿಜಕ್ಕೂ ಡಾಕ್ಟರ್ ಗಾಡಿಯೇ ಆಗಿತ್ತು. ಡ್ಯಾಶ್‌ಬೋರ್ಡ್ ಒಳಗೆ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಆಯಿಲ್ ಬದಲಿಸಿದ್ದು, ಬ್ರೇಕ್ ಶೂ ಹಾಕಿದ್ದು, ಟೈಮಿಂಗ್ ಬೆಲ್ಟ್ ಹಾಕಿದ್ದು, ಎಲ್ಲದಕ್ಕೂ ತಾರೀಖು ಮತ್ತು ಕಿಲೋಮೀಟರ್. ಅಕ್ಷರ ಮಾತ್ರ ಅಷ್ಟು ದುಂಡಗೆ. ಆ ಪುಸ್ತಕ ನೋಡಿಯೇ ನಾನು ಕಾರು ತಗೊಂಡೆ. ಅದೇ ಪುಸ್ತಕದಲ್ಲಿ ಈಗಲೂ ಬರೆಯುತ್ತೇನೆ. ಅರ್ಧದಿಂದ ಆಚೆ ನನ್ನ ಅಕ್ಷರ.

ಇಟ್ಟುಕೊಳ್ಳುವುದು ಅಂದರೆ ಏನೇನು ಕೆಲಸ

ಮಲೆನಾಡಿನ ಅಂಚಿನಲ್ಲಿ ಹಳೇ ಕಾರಿಗೆ ಮೊದಲ ಶತ್ರು ಮಳೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮೇ ತಿಂಗಳಲ್ಲಿ ಸೈಕಲ್ ಕಡ್ಡಿ ಹಿಡಿದು ಆ ತೂತುಗಳನ್ನೆಲ್ಲ ಬಿಡಿಸುವುದು ನನ್ನ ಕೆಲಸ. ಕಾಲಡಿಯ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕಬೇಕು. ಇಲಿ ವೈರು ಕಡಿಯದಂತೆ ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟಬೇಕು. ಜಡಿಮಳೆಯ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಬೇಕು. ಒರೆಸಿ ಹಾಕಿದರೆ ಹೊರಡುತ್ತದೆ.

ಈಗ ಹೊಸದಾಗಿ ಪೆಟ್ರೋಲಿನ ಚಿಂತೆ. 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ನನ್ನ ಕಾರು ಹುಟ್ಟಿದ್ದು ಅದಕ್ಕಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಾಳುವಂಥವಕ್ಕೆ ಬದಲಿಸಿದ್ದೇನೆ. ಕಾರನ್ನು ವಾರಗಟ್ಟಲೆ ನಿಲ್ಲಿಸುವುದಿಲ್ಲ. ನಿಂತ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂತರೆ ಕಾರ್ಬ್ಯುರೇಟರ್ ಕಥೆ ಮುಗಿಯಿತು.

ಸ್ಪೇರ್ ಪಾರ್ಟ್ಸ್ ವಿಷಯಕ್ಕೆ ಬಂದರೆ ಇಂಜಿನ್ನಿನದು ಇನ್ನೂ ಸಿಗುತ್ತವೆ. ಸಿಗದಿರುವುದು ರಬ್ಬರು, ಪ್ಲಾಸ್ಟಿಕ್ಕು. ಬಾಗಿಲಿನ ಬೀಡಿಂಗ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದೆ. ಅಂಗಡಿಯಿಂದ ಅಂಗಡಿಗೆ ಅದೇ ಮಾತು. "ಝೆನ್ ಅಂದ್ರೆ ಎಸ್ಟಿಲೋನಾ?" "ಅಲ್ಲ, ಹಳೇ ಝೆನ್." "ಹಳೇದ್ರಲ್ಲಿ ಯಾವುದು, ದುಂಡಗಿನ ಲೈಟಿಂದಾ?" ಕೊನೆಗೆ ಒಬ್ಬ ಹಿರಿಯರು ಏನೂ ಕೇಳದೆ ಏಣಿ ಹತ್ತಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಕಟ್ಟು ಇಳಿಸಿದರು. ನಾಲ್ಕು ಬಾಗಿಲಿಗೂ ಆಗುವಷ್ಟಿತ್ತು. "ಇಟ್ಟಿದ್ದೆ, ಯಾರಾದ್ರೂ ಬರ್ತಾರೆ ಅಂತ" ಅಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಇಷ್ಟೆಲ್ಲ ಹೇಳಿ ಒಂದು ಮಾತು ಹೇಳದೆ ಇರಬಾರದು. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಹೊಗೆ ವಿಷಯದಲ್ಲೂ ಇದು 2000ನೇ ಇಸವಿಯ ನಿಯಮಗಳಿಗಿಂತ ಮುಂಚಿನದು. ಎಮಿಷನ್ ಟೆಸ್ಟ್ ತಪ್ಪದೆ ಮಾಡಿಸುತ್ತೇನೆ, ಪಾಸ್ ಆಗುತ್ತದೆ, ಆದರೂ ಹೊಸ ಕಾರಿನಷ್ಟು ಸ್ವಚ್ಛ ಅಲ್ಲ. ರಾತ್ರಿ ಹೈವೇಯಲ್ಲಿ ದೂರ ಹೋಗುವುದಿದ್ದರೆ ನಾವು ಮನೆಯ ಇನ್ನೊಂದು ಕಾರಿನಲ್ಲೇ ಹೋಗುತ್ತೇವೆ. ಪ್ರೀತಿ ಇದೆ ಅಂತ ಮಗಳನ್ನು ಲಾರಿಗಳ ನಡುವೆ ಮುಕ್ಕಾಲು ಟನ್ನಿನ ಗಾಡಿಯಲ್ಲಿ ಕೂರಿಸುವುದಿಲ್ಲ.

15ಕ್ಕೂ 50ಕ್ಕೂ ನಡುವೆ

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒ ಕಚೇರಿಗೆ ಹೋಗಿ ತೋರಿಸಿ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ, ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಇನ್ಸ್‌ಪೆಕ್ಟರ್ ಲೈಟು, ಹಾರ್ನು, ವೈಪರ್ ನೋಡುತ್ತಾರೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಅಂಕಿಗಳು ಕಾಗದದ ಮೇಲೆ ಒಂದೊಂದಾಗಿ ಮೂಡುವಾಗ ನನಗೆ ಪ್ರತಿ ಸಲವೂ ಸಂತೋಷ. 600 ರೂಪಾಯಿ ಇದ್ದ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಕಟ್ಟುತ್ತೇನೆ. ಆದರೆ ಕಾರಿನ ಸ್ಥಿತಿ ನೋಡಿ ಕಟ್ಟಿಸಿಕೊಂಡರೆ ನ್ಯಾಯ, ಬರೀ ವಯಸ್ಸು ನೋಡಿ ಅಲ್ಲ. ಎರಡು ವರ್ಷಕ್ಕೇ ಹೊಗೆ ಕಾರುವ ಗಾಡಿಗಳೂ ನಮ್ಮ ರಸ್ತೆಯಲ್ಲಿವೆ ಅಲ್ವಾ?

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು. ಅಂಥವಕ್ಕೆ 'ವಿಎ' ಅನ್ನುವ ಬೇರೆ ನಂಬರಿನ ಸಾಲು. ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ ತೆಗೆದುಕೊಂಡು ಹೋಗಬಹುದು. ಒಳ್ಳೆಯ ನಿಯಮ. ನನ್ನ ಝೆನ್ ಆ ಗೌರವಕ್ಕೆ ಬರುವುದು 2048ರಲ್ಲಿ. ಅಲ್ಲಿಯವರೆಗೆ ಅದು ಹೊಸದೂ ಅಲ್ಲ, ವಿಂಟೇಜೂ ಅಲ್ಲ.

ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡದೆ ನಾನು ಬರುವುದಿಲ್ಲ. ಕನ್ನಡಿಯಂಥ ಹೊಳಪು, ಅಷ್ಟಗಲದ ಹೆಡ್‌ಲೈಟುಗಳು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನನಗೆ ಅವುಗಳ ಮುಂದೆ ನಿಂತಾಗ ಬೇರೆಯೇ ಯೋಚನೆ. ಈ ಕಾರಿಗೆ ನನ್ನ ಝೆನ್ನಿನಷ್ಟೇ ವಯಸ್ಸಾಗಿದ್ದಾಗ ಇದನ್ನು ಯಾರು ಇಟ್ಟುಕೊಂಡಿದ್ದರು? ಆಗ ಇದು ಯಾರ ಕಣ್ಣಿಗೂ ಚೆಂದ ಕಂಡಿರಲಿಕ್ಕಿಲ್ಲ. ಪಕ್ಕದ ಮನೆಯವರ ಹೊಸ ಕಾರಿನ ಮುಂದೆ ಇದು ಬರೀ ಹಳತು. ಆದರೂ ಯಾರೋ ಒಬ್ಬರು ಬಾಗಿಲಿನ ತೂತು ಬಿಡಿಸಿದ್ದಾರೆ, ಆಯಿಲ್ ಬದಲಿಸಿದ್ದಾರೆ, ಮಳೆಗಾಲದಲ್ಲಿ ಶೆಡ್ಡಿನ ಹೆಂಚು ಸರಿಮಾಡಿಸಿದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಮ್ಯೂಸಿಯಂ ಕೊನೆಯಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಯಾರೂ ಹೊಗಳದ ವರ್ಷಗಳೇ ಜಾಸ್ತಿ. ಆ ವರ್ಷಗಳಲ್ಲಿ ಕೈ ಬಿಡದವರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ. ಮಾವನ ಫಿಯೆಟ್‌ಗೆ ಆ ವರ್ಷಗಳಲ್ಲಿ ಯಾರೂ ಸಿಗಲಿಲ್ಲ.

ಸ್ಕ್ರೂಡ್ರೈವರ್ ಕಿವಿಗಿಟ್ಟು

ಕಾರು ಇಟ್ಟುಕೊಳ್ಳಲು ನಾನೊಬ್ಬಳೇ ಸಾಲುವುದಿಲ್ಲ. ಸಾಗರ ರಸ್ತೆ ಕಡೆ ನಮ್ಮ ಮೆಕ್ಯಾನಿಕ್ಕಿನ ಗ್ಯಾರೇಜು ಇದೆ. ಅವರಿಗೆ ಅರವತ್ತು ದಾಟಿದೆ. ಕಾರು ತಂದು ನಿಲ್ಲಿಸಿದರೆ ಮೊದಲು ಬಾನೆಟ್ ಎತ್ತುವುದಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತು ಕೇಳುತ್ತಾರೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಒಂದು ಜಾಗ, ಇನ್ನೊಂದು ಜಾಗ. ಕಣ್ಣು ಮುಚ್ಚಿರುತ್ತಾರೆ. ಗ್ಯಾರೇಜಿನ ಹುಡುಗರು ಆಗ ಸುತ್ತಿಗೆ ಬಡಿಯುವುದನ್ನು ನಿಲ್ಲಿಸುತ್ತಾರೆ.

ಹೋದ ಸಲ ಐಡಲಿಂಗ್, ಅಂದರೆ ಗಾಡಿ ನಿಂತಲ್ಲೇ ಇಂಜಿನ್ ಓಡುವ ವೇಗ, ಏರುಪೇರಾಗುತ್ತಿತ್ತು. ಅವರು ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಇಂಜಿನ್ ದನಿ ತೆಳುವಾಯಿತು. ಅಷ್ಟೇ ವಾಪಸ್ ತಿರುಗಿಸಿದರು, ದಪ್ಪವಾಯಿತು. ಮತ್ತೆ ಸ್ವಲ್ಪ. ಎಲ್ಲೋ ಒಂದು ಕಡೆ ದನಿ ಸಮನಾಗಿ ನಿಂತಿತು, ಬಾನೆಟ್ಟಿನ ಅದುರು ಹೋಯಿತು. "ಈಗ ಕೇಳಿ ಮೇಡಂ" ಅಂದರು. ಮೀಟರ್ ನೋಡಿರಲಿಲ್ಲ. ಅವರ ಪಕ್ಕ ಒಬ್ಬ ಹುಡುಗ ನಿಂತಿದ್ದ. ಐಟಿಐ ಮುಗಿಸಿ ಸೇರಿದವನು. ಹೊಸ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿ ತೊಂದರೆ ಹುಡುಕುವುದರಲ್ಲಿ ಗಟ್ಟಿಗ. ಈ ಕಾರಿನಲ್ಲಿ ಸ್ಕ್ಯಾನರ್ ಹಾಕುವ ಜಾಗವೇ ಇಲ್ಲ ಅಂತ ಮೊದಲ ಸಲ ಬೆರಗಾಗಿದ್ದ. ಈಗ ಅವನು ಕಾರ್ಬ್ಯುರೇಟರ್ ಮೇಲೆ ಬಗ್ಗಿ, ಗುರುಗಳು ಎಷ್ಟು ತಿರುಗಿಸಿದರು ಅಂತ ನೋಡುತ್ತಿದ್ದ. "ಅಕ್ಕಾ, ಮುಂದಿನ ಸರ್ವಿಸ್‌ಗೆ ಇದನ್ನ ನಾನು ಬಿಚ್ಚಿ ಜೆಟ್ ಎಲ್ಲ ಕ್ಲೀನ್ ಮಾಡ್ಲಾ? ಸಾರ್ ಪಕ್ಕದಲ್ಲೇ ಇರ್ತಾರೆ" ಅಂತ ಕೇಳಿದ. ಮೆಕ್ಯಾನಿಕ್ ನನ್ನ ಮುಖ ನೋಡಿದರು. ಬಿಚ್ಚಿದರೆ ಗ್ಯಾಸ್ಕೆಟ್ ಹರಿಯಬಹುದು, ಸಣ್ಣ ಸ್ಪ್ರಿಂಗ್ ಹಾರಿಹೋಗಬಹುದು, ಮತ್ತೆ ಸಿಗುವುದು ಕಷ್ಟ.

"ಬಿಚ್ಚು" ಅಂದೆ. ಗ್ಯಾಸ್ಕೆಟ್ ಕಿಟ್ ಒಂದು ಜೊತೆ ಜಾಸ್ತಿಯೇ ತರಿಸಿ ಇಟ್ಟಿದ್ದೇನೆ. ಮುಂದಿನ ತಿಂಗಳು ಗಾಡಿ ಒಯ್ಯಬೇಕು.